ಹಳೆಯ ಫೋಟೋ, ಹೊಸ ಯಂತ್ರ

ನಮ್ಮ ಮನೆಯಲ್ಲಿ ಅತ್ತೆ-ಮಾವನವರ ಮದುವೆಯ ಫೋಟೋ ಒಂದಿದೆ. 1957ರಲ್ಲಿ ಧಾರವಾಡದಲ್ಲಿ ತೆಗೆಸಿದ್ದು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು, ಕೆಳಗಿನ ಖಡಕ್‌ವಾಸ್ಲಾ ಕಟ್ಟೆಯೂ ಒಡೆದು, ಮುಠಾ ನದಿ ಪುಣೆಯೊಳಗೆ ನುಗ್ಗಿದ್ದು ಇಲ್ಲಿಯ ಹಿರಿಯರಿಗೆಲ್ಲ ನೆನಪಿದ್ದೀತು. ಆಗ ನಾರಾಯಣ ಪೇಠೆಯಲ್ಲಿದ್ದ ನಮ್ಮವರ ಮನೆಯ ಪೆಟ್ಟಿಗೆ, ಪಾತ್ರೆ ಎಲ್ಲ ಹೋದವು. ಕೆಸರಿನಲ್ಲಿ ಸಿಕ್ಕ ಫೋಟೋ ಇದೊಂದೇ. ಮಾವನವರ ಮುಖ ಉಳಿದಿದೆ. ಅತ್ತೆಯವರ ಎಡಗೆನ್ನೆ, ಹಣೆ ಮಾತ್ರ ಬಿಳಿಚಿಹೋಗಿವೆ.

ಕಳೆದ ವರ್ಷ ಅಜ್ಜಿಯ ಹುಟ್ಟುಹಬ್ಬಕ್ಕೆಂದು ನನ್ನ ಮಗ ಅದನ್ನು ಮೊಬೈಲಿನಲ್ಲಿ ಎಐಗೆ, ಅಂದರೆ ಕೃತಕ ಬುದ್ಧಿಮತ್ತೆಗೆ ಒಪ್ಪಿಸಿದ. ಒಂದೇ ನಿಮಿಷ! ಬಣ್ಣ ಬಂತು, ಸೀರೆಗೆ ಜರಿ ಬಂತು, ಮುಖ ಕಲೆಯಿಲ್ಲದೆ ಹೊಳೆಯಿತು. ನಾವೆಲ್ಲ ಹಿಗ್ಗಿದೆವು. ಅತ್ತೆಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇಕಿ ಯಾರವಾ? ಭಾಳ ಚೆಂದ ಇದ್ದಾಳ. ಆದ್ರ ನಾ ಅಲ್ಲ” ಎಂದರು. ಮಗನ ಮುಖ ಸಣ್ಣದಾಯಿತು.

ನಮ್ಮ ಪರಿಚಯದ ಛಾಯಾಗ್ರಾಹಕರೊಬ್ಬರ ಬಳಿಗೆ ಮೂಲ ಫೋಟೋ ಒಯ್ದೆ. ಡಾರ್ಕ್‌ರೂಮಿನ ಕಾಲದಿಂದ ಇದ್ದವರು, ಈಗ ಎಐಯನ್ನೂ ಬಳಸುತ್ತಾರೆ. “ಯಂತ್ರ ಸುಳ್ಳು ಹೇಳಿಲ್ಲ, ಊಹೆ ಮಾಡಿದೆ” ಎಂದರು ಅವರು. ಲೆಕ್ಕವಿಲ್ಲದಷ್ಟು ಚಿತ್ರಗಳಿಂದ ಅದು ಕಲಿತಿದೆ. ಖಾಲಿ ಕಂಡಲ್ಲಿ ಸಾಮಾನ್ಯವಾಗಿ ಏನಿರುತ್ತದೋ ಅದನ್ನು ತುಂಬುತ್ತದೆ. ನಮ್ಮ ಅತ್ತೆಯನ್ನು ಅದು ನೋಡಿಯೇ ಇಲ್ಲವಲ್ಲ! ಹಾಗಾದರೆ ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸುತ್ತಿರಲಿಲ್ಲವೇ, ಕಪ್ಪು-ಬಿಳುಪಿಗೆ ಬಣ್ಣ ಹಚ್ಚುತ್ತಿರಲಿಲ್ಲವೇ ಎಂದು ಕೇಳಿದೆ. “ಹಚ್ಚುತ್ತಿದ್ದೆವು. ಆದರೆ ಸೀರೆಯ ಬಣ್ಣ ಯಾವುದೆಂದು ಮನೆಯವರನ್ನು ಕೇಳುತ್ತಿದ್ದೆವು. ಇದು ಕೇಳುವುದಿಲ್ಲ.”

ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆಗಳಿವೆ. ಮೊದಲು ಮೂಲವನ್ನು ಸ್ಕ್ಯಾನ್ ಮಾಡಿ ಮುಟ್ಟದೆ ಇಡುವುದು. ಧೂಳು, ಮಡಿಕೆ, ಹಿನ್ನೆಲೆಯ ಕಲೆಗಳನ್ನು ಎಐಗೆ ಬಿಡುವುದು. ಮುಖ, ಒಡವೆಗಳನ್ನು ಬೇರೆ ಫೋಟೋ ಅಥವಾ ಬಲ್ಲವರ ಸಾಕ್ಷಿಯಿಲ್ಲದೆ ತುಂಬದಿರುವುದು. ಕೊನೆಗೆ, ಏನೇನು ಬದಲಾಯಿಸಿದೆ ಎಂದು ಬೆನ್ನ ಮೇಲೆ ಬರೆದುಕೊಡುವುದು.

2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಎಂಬ ಕಲಾವಿದರ ಚಿತ್ರಕ್ಕೆ ಸೋನಿ ವರ್ಲ್ಡ್ ಫೋಟೋಗ್ರಫಿ ಸ್ಪರ್ಧೆಯ ಒಂದು ವಿಭಾಗದಲ್ಲಿ ಬಹುಮಾನ ಬಂತು. ಹಳೆಯ ಕಾಲದ ಫೋಟೋದಂತೆ ಕಾಣುವ ಇಬ್ಬರು ಹೆಂಗಸರ ಚಿತ್ರ. ಅದು ಎಐಯಿಂದ ಮಾಡಿದ್ದು, ಫೋಟೋದ ಜೊತೆ ಸ್ಪರ್ಧಿಸಬಾರದು ಎಂದು ಹೇಳಿ ಅವರೇ ಬಹುಮಾನ ಬೇಡವೆಂದರು. ನಮ್ಮ ಛಾಯಾಗ್ರಾಹಕರ ಮಾತೂ ಅದೇ: ಮಾಡುವುದು ತಪ್ಪಲ್ಲ, ಮಾಡಿದ್ದನ್ನು ಮುಚ್ಚುವುದು ತಪ್ಪು.

ನಂತರ ಅವರು ಮನೆಗೇ ಬಂದು ಅತ್ತೆಯವರ ಪಕ್ಕದಲ್ಲಿ ಕುಳಿತರು. ಮಗುವಾಗಿದ್ದ ನಮ್ಮವರನ್ನು ಎತ್ತಿಕೊಂಡ 1965ರ ಫೋಟೋ ಹುಡುಕಿಕೊಟ್ಟೆವು. “ಬೈತಲೆಬೊಟ್ಟು ತಗೀರಿ, ನಾ ಇಟ್ಟಿದ್ದಿಲ್ಲ. ಗದ್ದದ ಮ್ಯಾಲೆ ಮಚ್ಚಿ ಇತ್ತು” ಎಂದು ಅತ್ತೆಯವರು ಹೇಳುತ್ತ ಹೋದರು. ನಾವು ಎಂದೂ ಕೇಳದಿದ್ದ ಮದುವೆಯ ಕಥೆಯೂ ಹೊರಬಂತು. ಮೂಲೆಯ ಒಂದು ನೀರಿನ ಕಲೆಯನ್ನು ಅಳಿಸಲು ಹೋದಾಗ, “ಅದು ಪಾನಶೇತದ್ದು, ಇರಲಿ ಬಿಡ್ರಿ” ಎಂದರು. ಅದು ಹಾಗೇ ಇದೆ.

ನಿಮ್ಮ ಮನೆಯಲ್ಲೂ ಇಂಥ ಫೋಟೋ ಇದ್ದರೆ ಯಂತ್ರಕ್ಕೆ ಕೊಡುವ ಮೊದಲು ಹಿರಿಯರ ಕೈಗೆ ಕೊಡಿ. ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ, ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಯಂತ್ರ ನಾಳೆಯೂ ಸಿಗುತ್ತದೆ, ಹೇಳುವವರು ಸಿಗಲಾರರು.