ಟೆಸ್ಟ್ ಟ್ಯೂಬಿನಲ್ಲೊಂದು ರಾಣಿವಾಸ

ಮುಂಗಾರಿನ ಮೊದಲ ಮಳೆ ಹೊಡೆದು ನಿಂತ ಸಂಜೆ ಬೀದಿದೀಪದ ಬುಡ ನೋಡಿ. ರೆಕ್ಕೆಯ ಹುಳುಗಳು ಮುತ್ತಿರುತ್ತವೆ. ನಾಲ್ಕೂ ರೆಕ್ಕೆ ಒಂದೇ ಅಳತೆಯಲ್ಲಿದ್ದು, ಸೊಂಟವೇ ಇಲ್ಲದಂಥವು ಗೆದ್ದಲು. ಅವನ್ನು ಹಲ್ಲಿಗೆ ಬಿಡಿ. ಸೊಂಟ ಸಣ್ಣಗಿದ್ದು, ಮೀಸೆ ಮೊಣಕೈ ಮಡಿಸಿದಂತೆ ಬಾಗಿದ್ದು, ರೆಕ್ಕೆ ಕಳಚಿಕೊಂಡು ಸಂದುಗೊಂದು ಹುಡುಕುತ್ತ ಓಡುವ ದಪ್ಪ ಕಪ್ಪು ಹುಳ ಕಂಡರೆ ಅದು ರಾಣಿ ಇರುವೆ. ಗೊದ್ದ, ಕಟ್ಟಿರುವೆ ಎಂದೆಲ್ಲ ನಾವು ಕರೆಯುವ ಕ್ಯಾಂಪೊನೋಟಸ್ ಕುಲದ ರಾಣಿಯೇ ಸಿಕ್ಕರೆ ಅದೃಷ್ಟ. ಇರುವೆ ಸಾಕಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯ ಆರಂಭವಿಲ್ಲ, ಖರ್ಚಂತೂ ಇಲ್ಲವೇ ಇಲ್ಲ.

ಟೆಸ್ಟ್ ಟ್ಯೂಬಿನ ಮೂರನೇ ಒಂದು ಭಾಗ ನೀರು ತುಂಬಿ, ಅದಕ್ಕೆ ತಾಗುವಂತೆ ಹತ್ತಿ ಒತ್ತಿ, ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿ ತುರುಕಿ. ಆಮೇಲೆ ಅಲುಗಾಟವಿಲ್ಲದ ಕತ್ತಲ ಮೂಲೆಗೆ ಸೇರಿಸಿ ಮರೆತುಬಿಡಿ. ಊಟವೂ ಬೇಡ. ಇನ್ನು ಅವಳಿಗೆ ಹಾರುವ ಕೆಲಸವಿಲ್ಲವಲ್ಲ, ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಚೊಚ್ಚಲ ಮರಿಗಳಿಗೆ ಉಣಿಸುತ್ತಾಳೆ. ನಮ್ಮ ಸೆಕೆಯಲ್ಲಿ ಒಂದು, ಒಂದೂವರೆ ತಿಂಗಳಿಗೆ ಮೊದಲ ಕೆಲಸಗಾರ್ತಿಯರು ಹೊರಬರುತ್ತಾರೆ. ಅಷ್ಟರೊಳಗೆ ದಿನಕ್ಕೆ ನಾಲ್ಕು ಸಲ ಇಣುಕಿದಿರೋ, ಗಾಬರಿಬಿದ್ದ ರಾಣಿ ತನ್ನ ಮೊಟ್ಟೆಯನ್ನೇ ತಿಂದುಬಿಡಬಹುದು. ಈ ಹವ್ಯಾಸದಲ್ಲಿ ಹಸಿವಿಗಿಂತ ಅಕ್ಕರೆಗೆ ಬಲಿಯಾದ ರಾಣಿಯರೇ ಹೆಚ್ಚೆಂದು ನನ್ನ ಗುಮಾನಿ.

ಕೆಲಸಗಾರ್ತಿಯರು ಬಂದ ಮೇಲೆ ಅಡುಗೆ ಶುರು. ಇರುವೆಗೆ ಸಕ್ಕರೆ ಸಾಕು ಎಂಬ ನಮ್ಮ ನಂಬಿಕೆ ಅರ್ಧ ಸತ್ಯ. ಓಡಾಡುವ ಇರುವೆಗೆ ಸಕ್ಕರೆ ನೀರೇನೋ ಬೇಕು. ಒಂದು ಪಾಲು ಸಕ್ಕರೆಗೆ ಮೂರು ಪಾಲು ನೀರು ಬೆರೆಸಿ ಒಂದು ಹನಿ ಇಟ್ಟರಾಯಿತು. ಅದನ್ನು ಹೀರಿದವಳು ಎಲ್ಲವನ್ನೂ ತಾನೇ ಅರಗಿಸಿಕೊಳ್ಳುವುದಿಲ್ಲ. ಅವಳೊಳಗೆ ಎರಡು ಹೊಟ್ಟೆ: ಒಂದು ಸ್ವಂತದ್ದು, ಇನ್ನೊಂದು ಗೂಡಿನದು. ಎರಡನೆಯದರಲ್ಲಿ ತುಂಬಿ ತಂದದ್ದನ್ನು ಬಾಯಿಂದ ಬಾಯಿಗೆ ಹಂಚುತ್ತಾಳೆ. ಆದರೆ ಮರಿ ಬೆಳೆಯಲು, ರಾಣಿ ಮೊಟ್ಟೆಯಿಡಲು ಪ್ರೋಟೀನ್ ಬೇಕು, ಅಂದರೆ ಹುಳು. ಬೆಳೆದ ಇರುವೆ ಗಟ್ಟಿ ಪದಾರ್ಥ ನುಂಗಲಾರದು, ಹುಳುವಿನ ತುಂಡು ಹೋಗುವುದು ಮರಿಗಳ ಬಾಯಿಗೆ. ಗೂಡಿನಲ್ಲಿ ಮರಿ ಇಲ್ಲದಾಗ ಹುಳು ಇಟ್ಟಲ್ಲೇ ಉಳಿದರೆ ಆಶ್ಚರ್ಯಪಡಬೇಡಿ. ಸಣ್ಣ ಗೂಡಿಗೆ ಮಿಡತೆಯ ಒಂದು ಕಾಲೇ ಹಬ್ಬದೂಟ. ಸ್ಪ್ರೇ ಹೊಡೆದು ಕೊಂದ ಜಿರಳೆಯನ್ನು ಮಾತ್ರ ಖಂಡಿತ ಹಾಕಬೇಡಿ, ವಿಷ ಬಾಯಿಂದ ಬಾಯಿಗೆ ಹಂಚಿ ಇಡೀ ಸಂಸಾರವೇ ಮುಗಿಯುತ್ತದೆ. ಮಿಕ್ಕಿದ್ದನ್ನು ಮರುದಿನವೇ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ಸಂಖ್ಯೆ ಹೆಚ್ಚಿದಂತೆ ಟ್ಯೂಬನ್ನು ಒಂದು ಡಬ್ಬಿಯೊಳಗಿಟ್ಟು ಬಾಯಿ ತೆರೆದರೆ ಅದೇ ಅವುಗಳ ಅಂಗಳ. ಅಂಚಿಗೆ ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿದರೆ ಕಾಲು ಜಾರುತ್ತದೆ. ಡಬ್ಬಿಯನ್ನೇ ನೀರಿನ ತಟ್ಟೆಯಲ್ಲಿಟ್ಟರೆ ಇನ್ನೂ ಭದ್ರ. ಇರುವೆ ಬರದಿರಲೆಂದು ಅಜ್ಜಿ ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯವನ್ನು ಇರುವೆ ಹೋಗದಿರಲೆಂದು ಮಾಡಬೇಕು, ಅಷ್ಟೆ.

ನೋಡುವ ಚಪಲ ತಡೆಯಲಾಗದವರು ಇಂಗ್ಲೆಂಡಿನ ಜಾನ್ ಲುಬ್ಬಾಕ್‌ಗೆ ಋಣಿಯಾಗಬೇಕು. ವೃತ್ತಿಯಲ್ಲಿ ಬ್ಯಾಂಕರ್, ಡಾರ್ವಿನ್ನನ ನೆರೆಯವ. ಗಾಜಿನ ಗೂಡುಗಳಲ್ಲಿ ಇರುವೆ ಸಾಕಿ 1882ರಲ್ಲಿ ಪುಸ್ತಕವನ್ನೇ ಬರೆದ. ಗೂಡಿನ ಮೇಲೆ ಬಣ್ಣಬಣ್ಣದ ಗಾಜು ಹೊದಿಸಿದಾಗ ಇರುವೆಗಳು ನೇರಳೆಯಿಂದ ದೂರ ಸರಿದು ಕೆಂಪಿನಡಿ ಗುಂಪುಗೂಡುವುದನ್ನು ಅವನು ಕಂಡ. ಕೆಂಪು ಅವುಗಳ ಪಾಲಿಗೆ ಬಹುತೇಕ ಕತ್ತಲೆ. ನೀವೂ ಟ್ಯೂಬಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ ನೋಡಬಹುದು. 1874ರಲ್ಲಿ ಅವನ ಗೂಡು ಸೇರಿದ ಒಂದು ರಾಣಿ 1888ರವರೆಗೆ ಬದುಕಿತ್ತು! ಯೂರೋಪಿನ ಕಪ್ಪು ತೋಟದಿರುವೆಯ ರಾಣಿಯೊಂದು ಸಾಕಣೆಯಲ್ಲಿ 28 ವರ್ಷ ದಾಟಿದ್ದೂ ಉಂಟು. ನಾಯಿಗಿಂತ ದೀರ್ಘ ಸಂಬಂಧ ಇದು, ಯೋಚಿಸಿಯೇ ಕೈಹಾಕಿ.

ಎಲೆ ಹೊಲಿದು ಮರದಲ್ಲಿ ಮನೆ ಕಟ್ಟುವ ಚಗಳಿಯನ್ನು ಡಬ್ಬಿಗೆ ತುಂಬುವ ಸಾಹಸ ಬೇಡ, ಅದಕ್ಕೆ ಮರವೇ ಬೇಕು. ಹಾಗೆಯೇ ಪಾರ್ಸೆಲ್‌ನಲ್ಲಿ ಬರುವ ಪರದೇಶದ ಗೂಡೂ ಬೇಡ. ಹೊರಗಿನಿಂದ ಬಂದ ಹಳದಿ ಹುಚ್ಚಿರುವೆ ಕ್ರಿಸ್‌ಮಸ್ ದ್ವೀಪದಲ್ಲಿ ಲಕ್ಷಗಟ್ಟಲೆ ಕೆಂಪು ಏಡಿಗಳನ್ನು ಕೊಂದಿದೆ. ಸಾಕಿ ಸಾಕಾದಾಗ ಹಿತ್ತಲಿಗೆ ಬಿಡಬಹುದಾದಂಥ, ಇಲ್ಲಿಯದೇ ಇರುವೆಯನ್ನು ಮಾತ್ರ ಸಾಕಿ.