ಅಕಲೂಜದ ದ್ರಾಕ್ಷಿ ಪಡ, ನೊರೆಯುಕ್ಕುವ ವೈನ್

ಸೊಲ್ಲಾಪುರ: ದ್ರಾಕ್ಷಿ ಈ ಜಿಲ್ಲೆಯವರಿಗೆ ಹೊಸ ಬೆಳೆಯಲ್ಲ. ಸೋನಾಕಾ, ಶರದ್ ಸೀಡ್‌ಲೆಸ್ ತಳಿಗಳು ಬಂದದ್ದೇ ಸೊಲ್ಲಾಪುರದ ಹತ್ತಿರದ ನಾನ್ನಜದ ಕಾಳೆ ಮನೆತನದ ತೋಟದಿಂದ. ಆದರೆ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಾಳಶಿರಸ ತಾಲೂಕಿನ ಅಕಲೂಜದ ಸುತ್ತ ಬೆಳೆಯುವ ದ್ರಾಕ್ಷಿಯನ್ನು ಯಾರೂ ಬುಟ್ಟಿಯಲ್ಲಿಟ್ಟು ಮಾರುವುದಿಲ್ಲ. ಅದೆಲ್ಲ ವೈನ್ ಆಗುತ್ತದೆ.

ಈ ಫ್ರಟೆಲ್ಲಿ ಕಂಪನಿ ಹುಟ್ಟಿದ್ದು 2007ರ ಸುಮಾರಿಗೆ. ಇಟಲಿ ಭಾಷೆಯಲ್ಲಿ ಫ್ರಟೆಲ್ಲಿ ಎಂದರೆ ಅಣ್ಣತಮ್ಮಂದಿರು. ಅಕಲೂಜದ ಮೋಹಿತೆ-ಪಾಟೀಲ, ದೆಹಲಿಯ ಸೇಖ್ರಿ, ಇಟಲಿಯ ಸೆಚ್ಚಿ, ಹೀಗೆ ಮೂರು ಮನೆತನಗಳ ಅಣ್ಣತಮ್ಮಂದಿರು ಕೂಡಿ ಮಾಡಿದ ಉದ್ಯೋಗವಿದು. ಸಕ್ಕರೆ ಕಾರ್ಖಾನೆಗೆ ಹೆಸರಾದ ಕಬ್ಬಿನ ಸೀಮೆಯಲ್ಲಿ, ಮೋಟೆವಾಡಿ, ನಿಮಗಾಂವ, ಗಾರವಾಡಗಳ ಸುಮಾರು 240 ಎಕರೆಯಲ್ಲಿ ಫ್ರಾನ್ಸಿನಿಂದ ತರಿಸಿದ ಸಸಿಗಳನ್ನು ಹಚ್ಚಿದರು. ವೈನ್ ಮಾಡುವ ಕೆಲಸಕ್ಕೆ ಟಸ್ಕನಿಯ ಪಿಯೆರೋ ಮಾಸಿ ಬಂದರು.

ಕುಡಿಯುವುದು ಬಿಡುವುದು ಅವರವರ ವಿಚಾರ. ರೈತ ನೋಡಬೇಕಾದದ್ದು ಪಡವನ್ನು. ಏಪ್ರಿಲ್‌ನ ಖರಡ ಛಾಟಣಿ, ಅಕ್ಟೋಬರಿನ ಫಳ ಛಾಟಣಿ ಇಲ್ಲಿಯೂ ಇವೆ. ಆದರೆ ಕಾಳು ದಪ್ಪವಾಗಲೆಂದು ಜಿ.ಎ.ಯಲ್ಲಿ ಗೊಂಚಲು ಅದ್ದುವ ರೂಢಿ ಇಲ್ಲ. ಕಾಳು ಸಣ್ಣದಿದ್ದಷ್ಟೂ ರಸ ಗಟ್ಟಿ. ಥಾಮ್ಸನ್ ಎಕರೆಗೆ ಹತ್ತು ಟನ್ ಕೊಟ್ಟರೆ ಹಿಗ್ಗುವ ರೈತನಿಗೆ, ಬೇಕೆಂದೇ ಮೂರ್ನಾಲ್ಕು ಟನ್ನಿಗೆ ಇಳುವರಿ ಇಳಿಸುವುದು ವಿಚಿತ್ರವೆನಿಸೀತು.

ನೊರೆಯುಕ್ಕುವ ವೈನಿಗೆ ಹಣ್ಣನ್ನು ಎಲ್ಲಕ್ಕಿಂತ ಮೊದಲು, ಹುಳಿ ಇನ್ನೂ ಇರುವಾಗಲೇ ಕೊಯ್ಯುತ್ತಾರೆ. ಬಿಸಿಲಿನ ಸೀಮೆಯಲ್ಲಿ ತಡಮಾಡಿದರೆ ಸಿಹಿ ಏರಿ ಹುಳಿ ಇಳಿಯುತ್ತದೆ, ವೈನ್ ಸಪ್ಪಗಾಗುತ್ತದೆ. ಫ್ರಟೆಲ್ಲಿಯ ಗ್ರಾನ್ ಕುವೆ ಬ್ರೂಟ್ ವೈನಿಗೆ ಬಳಸುವ ಶೆನಿನ್ ಬ್ಲಾಂಕ್ ತಳಿ, ಬಿಸಿಲಿದ್ದರೂ ಹುಳಿಯನ್ನು ಬೇಗ ಬಿಟ್ಟುಕೊಡುವುದಿಲ್ಲ.

ಹಳೆಯ ಪದ್ಧತಿಯಲ್ಲಿ ನೊರೆ ಬರುವುದು ಹೀಗೆ: ಒಮ್ಮೆ ಹುದುಗಿದ ವೈನಿಗೆ ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ಬಾಟಲಿ ಮುಚ್ಚುತ್ತಾರೆ. ಒಳಗೆ ಮತ್ತೆ ಹುದುಗುತ್ತದೆ. ಹುಟ್ಟಿದ ಅನಿಲಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ವೈನಿನಲ್ಲೇ ಕರಗುತ್ತದೆ. ಒತ್ತಡ ಕಾರಿನ ಟೈರಿನ ಎರಡು-ಮೂರು ಪಟ್ಟು! ಅದಕ್ಕೇ ಬಾಟಲಿಯ ಗಾಜು ಅಷ್ಟು ದಪ್ಪ. ತಿಂಗಳುಗಟ್ಟಲೆ ಇಟ್ಟು, ಬಾಟಲಿಯನ್ನು ಮೆಲ್ಲಗೆ ತಲೆಕೆಳಗು ಮಾಡಿ, ಬಾಯಿಗಿಳಿದ ಗಸಿಯನ್ನು ಹೆಪ್ಪುಗಟ್ಟಿಸಿ ತೆಗೆದು ಬೂಚು ಹಾಕುತ್ತಾರೆ. ಜನ ಇದಕ್ಕೆಲ್ಲ ಶಾಂಪೇನ್ ಎನ್ನುತ್ತಾರಾದರೂ ಆ ಹೆಸರಿನ ಹಕ್ಕು ಫ್ರಾನ್ಸಿನ ಶಾಂಪೇನ್ ಪ್ರಾಂತದ್ದು.

ಮಹಾರಾಷ್ಟ್ರದಲ್ಲಿ ಈ ದಾರಿ ಮೊದಲು ತುಳಿದವರು ಪುಣೆ ಜಿಲ್ಲೆ ನಾರಾಯಣಗಾಂವದ ಶಾಮರಾವ ಚೌಗುಲೆ. 1980ರ ದಶಕದಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ಅವರ ಇಂಡೇಜ್ ಮಾಡಿದ ನೊರೆವೈನ್ 'ಉಮರ್ ಖಯ್ಯಾಮ್' ಹೆಸರಿನಲ್ಲಿ ವಿದೇಶಕ್ಕೂ ಹೋಯಿತು. 2001ರಲ್ಲಿ ರಾಜ್ಯ ಸರಕಾರ ವೈನ್ ನೀತಿ ತಂದಾಗ ಬಹಳ ರೈತರು ವೈನ್ ಬಳ್ಳಿ ಹಚ್ಚಿದರು. 2008-09ರಲ್ಲಿ ಪೇಟೆ ಕುಸಿಯಿತು. ಇಂಡೇಜ್ ಸಾಲದಲ್ಲಿ ಮುಳುಗಿತು, ಎಷ್ಟೋ ರೈತರು ಬಳ್ಳಿ ಕಿತ್ತುಹಾಕಿದರು.

ಅಕ್ಕಲಕೋಟ ಕಡೆಯ ಬೆಳೆಗಾರರು ಇದನ್ನು ಮರೆಯಬಾರದು. ಅಕಲೂಜದ ಕಂಪನಿಗೆ ತನ್ನದೇ ಪಡ, ತನ್ನದೇ ಕಾರ್ಖಾನೆ. ಹಣ್ಣು ಯಾರು ಕೊಳ್ಳುತ್ತಾರೆಂಬ ಚಿಂತೆಯಿಲ್ಲ. ಎರಡೆಕರೆಯ ರೈತನಿಗೆ ಹಾಗಲ್ಲ. ಥಾಮ್ಸನ್‌ಗೆ ದರ ಬೀಳುವಂತಿದ್ದರೆ ಶೆಡ್‌ನಲ್ಲಿ ಒಣಗಿಸಿ, ಬೇದಾಣೆ ಮಾಡಿ ತಾಸಗಾಂವಕ್ಕೋ ವಿಜಯಪುರಕ್ಕೋ ಕಳಿಸಬಹುದು. ಬೀಜದ, ಸಣ್ಣ ಕಾಳಿನ ವೈನ್ ದ್ರಾಕ್ಷಿಗೆ ಆ ಎರಡನೇ ಬಾಗಿಲಿಲ್ಲ. ಹಚ್ಚುವ ಮೊದಲೇ ದರ, ಪ್ರಮಾಣ, ಎಷ್ಟು ವರ್ಷ ಎಂಬುದೆಲ್ಲ ಕಾಗದದ ಮೇಲಿರಬೇಕು. ಕರಾರು ಮರಾಠಿಯಲ್ಲಿದ್ದರೂ ಸರಿ, ಕನ್ನಡದಲ್ಲಿದ್ದರೂ ಸರಿ, ಓದಿಸಿಕೊಂಡೇ ಸಹಿ ಹಾಕಬೇಕು.