ನಗರಯೋಜನೆಯಲ್ಲಿ ಅಂಗವಿಕಲರ ಸಂಘಗಳ ಪಾತ್ರ

ಕಾಲುದಾರಿಯು ರಸ್ತೆಗಿಂತ ಅರ್ಧ ಅಡಿ ಎತ್ತರವಿದ್ದರೆ ನಡೆಯಬಲ್ಲವರು ಅದನ್ನು ಗಮನಿಸುವುದೇ ಇಲ್ಲ. ಗಾಲಿಕುರ್ಚಿಯಲ್ಲಿ ಸಂಚರಿಸುವವರ ಪ್ರಯಾಣವಾದರೋ ಅಲ್ಲಿಯೇ ನಿಲ್ಲುತ್ತದೆ. ಈ ಅಡಚಣೆಯನ್ನು ನಿವಾರಿಸುವ ಅಧಿಕಾರ ಸ್ಥಳೀಯ ಸಂಸ್ಥೆಗಳದು. ಅದು ಎಲ್ಲೆಲ್ಲಿದೆಯೆಂಬ ಅರಿವು ಅದನ್ನು ದಿನವೂ ಅನುಭವಿಸುವವರದು. ಆ ಅರಿವು ಈ ಅಧಿಕಾರವನ್ನು ಮುಟ್ಟುವ ಬಗೆಗೆ ಅಮೆರಿಕದ ಬರ್ಕ್‌ಲಿ ನಗರವು ಒಳ್ಳೆಯ ನಿದರ್ಶನವಾಗಿದೆ.

ಪೋಲಿಯೋಪೀಡಿತರಾಗಿದ್ದ ಎಡ್ ರಾಬರ್ಟ್ಸ್ 1962ರಲ್ಲಿ ಅಲ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವನ್ನು ಸೇರಿದರು. ತಕ್ಕ ವಸತಿ ದೊರೆಯದೆ ಅವರು ವಿಶ್ವವಿದ್ಯಾನಿಲಯದ ಆಸ್ಪತ್ರೆಯಲ್ಲಿಯೇ ವಾಸಿಸಬೇಕಾಯಿತು. ಮುಂದೆ ಅಲ್ಲಿಗೆ ಬಂದ ಇತರ ಅಂಗವಿಕಲ ವಿದ್ಯಾರ್ಥಿಗಳೂ ಅವರೂ ಕೂಡಿ 'ರೋಲಿಂಗ್ ಕ್ವಾಡ್ಸ್' ಎಂಬ ಗುಂಪನ್ನು ಕಟ್ಟಿದರು. ಇಂತಹವರ ಒತ್ತಾಯದ ಫಲವಾಗಿ, ಮುಖ್ಯ ವಾಣಿಜ್ಯ ಪ್ರದೇಶಗಳ ಬೀದಿಗಳೂ ಕಾಲುದಾರಿಗಳೂ ಅಂಗವಿಕಲರ ಸಂಚಾರಕ್ಕೆ ಅನುಕೂಲವಾಗಿರಬೇಕೆಂಬ ನೀತಿಯನ್ನು ನಗರಸಭೆಯು 1971ರಲ್ಲಿ ಅಂಗೀಕರಿಸಿತು. ಮರುವರ್ಷವೇ ಅಂಗವಿಕಲರು ತಾವೇ ನಡೆಸುವ ಸ್ವತಂತ್ರ ಜೀವನ ಕೇಂದ್ರವು ಸ್ಥಾಪನೆಯಾಯಿತು.

ಇಲ್ಲಿ ಗಮನಿಸಬೇಕಾದ ತೊಡಕೊಂದುಂಟು. ಅಂಚನ್ನು ಇಳಿಜಾರಾಗಿಸಿದರೆ ಗಾಲಿಕುರ್ಚಿಗೆ ದಾರಿಯಾಗುತ್ತದೆ. ಆದರೆ ಕೋಲಿನಿಂದ ಅಂಚನ್ನು ತಡವಿ ರಸ್ತೆಯ ಆರಂಭವನ್ನು ಅರಿಯುವ ಅಂಧರಿಗೆ ಆ ಗುರುತೇ ಇಲ್ಲವಾಗುತ್ತದೆ. ಜಪಾನಿನ ಸೈಇಚಿ ಮಿಯಾಕೆಯವರು 1965ರಲ್ಲಿ ರೂಪಿಸಿದ, 1967ರಲ್ಲಿ ಒಕಾಯಾಮದಲ್ಲಿ ಮೊದಲು ಹಾಸಲಾದ ಉಬ್ಬುಗುರುತಿನ ಹಾಸುಗಲ್ಲುಗಳು ಈ ಕೊರತೆಯನ್ನು ತುಂಬಬಲ್ಲವು. ಆದುದರಿಂದ ಸಂಘಗಳು ತಮ್ಮೊಳಗಿನ ಭಿನ್ನ ಅಗತ್ಯಗಳನ್ನು ಮೊದಲು ಹೊಂದಿಸಿಕೊಂಡು, ಬಳಿಕ ಒಂದೇ ಬೇಡಿಕೆಯನ್ನು ಮುಂದಿಡುವುದು ಲೇಸು.

ನಮ್ಮಲ್ಲಿಯೂ ಇದಕ್ಕೆ ಅವಕಾಶಗಳುಂಟು. ಕರ್ನಾಟಕದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ಯೋಜನೆಯು ಅಂತಿಮವಾಗುವ ಮುನ್ನ ಸಾರ್ವಜನಿಕರ ಅಭಿಪ್ರಾಯವನ್ನು ಕೇಳಬೇಕೆನ್ನುತ್ತದೆ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕೇಂದ್ರ ಕಾಯಿದೆಯ 44ನೆಯ ಪ್ರಕರಣದಂತೆ, ಪ್ರವೇಶಾನುಕೂಲತೆಯ ನಿಯಮಗಳನ್ನು ಪಾಲಿಸದ ಕಟ್ಟಡಕ್ಕೆ ನಿರ್ಮಾಣದ ಅನುಮತಿಯಾಗಲಿ ಪೂರ್ಣತಾ ಪ್ರಮಾಣಪತ್ರವಾಗಲಿ ಸಲ್ಲದು. ಇಂತಹ ನಿಯಮಗಳು ಕೇವಲ ಸಲಹೆಯಾಗಿರದೆ ಕಡ್ಡಾಯವಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿತು.

ಸಂಘದ ಮಾತಿಗೆ ಹೆಚ್ಚಿನ ಬೆಲೆ ಬರುವುದು ನಕ್ಷೆಯು ಇನ್ನೂ ಕರಡಾಗಿರುವಾಗ. ಆಗ ಅದು ಸಾಮಾನ್ಯ ಮನವಿಗೆ ಬದಲು ಇಂತಹ ಬೀದಿಯ ಇಂತಹ ಮೂಲೆಯೆಂದು ಅಳತೆಸಹಿತ ಗುರುತಿಸಿದ ಪಟ್ಟಿಯನ್ನು ಸಲ್ಲಿಸಬೇಕು. ಕಾಮಗಾರಿಯು ಮುಗಿಯುವವರೆಗೂ ಸ್ಥಳಕ್ಕೆ ಹೋಗಿ ಪರೀಕ್ಷಿಸಬೇಕು. ಕಟ್ಟಿ ಮುಗಿದ ಮೇಲೆ ತಿದ್ದುವುದಕ್ಕೆ ವೆಚ್ಚವೂ ಹೆಚ್ಚು, ಅಧಿಕಾರಿಗಳ ನೆಪಗಳೂ ಹೆಚ್ಚು. ಇಂತಹ ಪಟ್ಟಿಯನ್ನು ಸಿದ್ಧಪಡಿಸುವಲ್ಲಿ ಅಂಗವಿಕಲರೊಡನೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಕೈಜೋಡಿಸಬಹುದಾಗಿದೆ.